ಯಾರ ಮುಂದ ಹೇಳ್ಕೊಳ್ಳೂದು

ಎಳ್ಳ ಅಮಾವಾಸ್ಯೆಯ ದಿನ ಡೋಣಿಯ ಹೊಲವೊಂದರಲ್ಲಿ ಚರಗ ಚೆಲ್ಲಿ ಊಟಕ್ಕೆ ಕೂತಿದ್ದೆವು. ಎದುರಿಗೆ ಎದೆಮಟ್ಟದ ಬಿಳಿಜೋಳ, ಅದರ ಬದಿಗೆ ಕಡಲೆ, ಆಚೆ ಕಪ್ಪತಗುಡ್ಡ. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಇಷ್ಟು ಉಣ್ಣುವುದರೊಳಗೆ ಹೊಲದ ಯಜಮಾನರು ಮೂರು ಸಲ ಎದ್ದು ಬನ್ನಿಗಿಡದ ಆಚೆಗೆ ಹೋಗಿ ಬಂದರು. ಪ್ರತಿ ಸಲವೂ ಬರುವುದು ತಡವಾಯಿತು. ಯಾರೂ ಏನೂ ಅನ್ನಲಿಲ್ಲ. ನಮ್ಮ ಮನೆಗಳಲ್ಲಿ ಎದೆನೋವು ಅಂದರೆ ಓಣಿಯೇ ಓಡಿ ಬರುತ್ತದೆ, ಕಾಲ್ಮಡಿಯ ತೊಂದರೆ ಮಾತ್ರ ಗೋಡೆಯ ಆಚೆಗೇ ಉಳಿಯುತ್ತದೆ. ಮೂರನೆಯ ಸಲ ಅವರು ಬಂದು ಕೂತಾಗ ಅವರ ತಮ್ಮನ ಮಗ ಗಂಗಾಳ ಸರಿಸಿದ. ಅವನು ಗದಗಿನ ಔಷಧದ ಅಂಗಡಿಯೊಂದರಲ್ಲಿ ಹತ್ತು ವರ್ಷದಿಂದ ಕೆಲಸಕ್ಕಿದ್ದಾನೆ. ಮುಂದಿನ ಮಾತು ಅವನದು, ಅವನ ದೊಡ್ಡಪ್ಪ, ದೊಡ್ಡವ್ವನದು. ಅತಿಥಿಯಾದ ನಾನು ಕೇಳಿಸಿಕೊಂಡವನು.

ಹುಡುಗ: ದೊಡ್ಡಪ್ಪಾ, ರಾತ್ರಿ ಎಷ್ಟು ಸಲ ಏಳ್ತೀರಿ?

ಹಿರಿಯರು: ಉಣ್ಣು ಮೊದಲ. ಹಬ್ಬದ ದಿನ ಇದೇನ್ ಮಾತು ತಗದಿ.

ದೊಡ್ಡವ್ವ: ನಾ ಹೇಳ್ತೇನಿ. ನಾಕು ಸಲ. ಮೊನ್ನಿ ಐದು. ಕತ್ತಲಾಗ ಹೊಸ್ತಲಾ ಎಡವಿ ಬಿದ್ರು, ಮೊಳಕಾಲ ಇನ್ನೂ ಬಾತೈತಿ.

ಹಿರಿಯರು: ಅರವತ್ತೆಂಟು ತುಂಬಿದ್ವು. ವಯಸ್ಸಿಗೆ ಬರೂದು ಬಂತು. ನಮ್ಮಪ್ಪನೂ ಹಿಂಗ ಏಳ್ತಿದ್ದ.

ಹುಡುಗ: ವಯಸ್ಸಿಗೆ ಬರ್ತೈತಿ, ಖರೆ. ಮೂತ್ರಚೀಲದ ಬುಡಕ್ಕ ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಐತಿ. ಹರೇದಾಗ 20 ಗ್ರಾಂ ಇರ್ತೈತಿ, ನಲವತ್ತು ದಾಟಿದ ಮ್ಯಾಲ ಬೆಳೀತೈತಿ. ಅರವತ್ತರ ಆಜೂಬಾಜೂ ಅರ್ಧ ಗಂಡಸರಿಗೆ ಬೆಳದಿರ್ತೈತಿ. ಏಕಿ ಬರೋ ಹಾದಿ ಅದರ ನಡುವ ಹಾದು ಬರ್ತೈತಲ್ಲ, ಅದು ಒತ್ತಾಗ್ತೈತಿ. ಬೆಳಿಯೂದು ಸಹಜ. ಆದ್ರ ಒತ್ತಡ ಹಿಂದಕ್ಕ ಹೋಗಿ ಕಿಡ್ನಿ ಕೆಡೂದು ಸಹಜ ಅಲ್ಲ. ಅದು ಕೆಡೂವಾಗ ನೋವೂ ಆಗೂದಿಲ್ಲ.

ಹಿರಿಯರು: ನೆಗ್ಗಿಲಮುಳ್ಳಿನ ಕಷಾಯ ಕುಡೀತೀನಿ. ಈ ಗುಡ್ಡದ್ದ. ಕಪ್ಪತಗುಡ್ಡದಾಗ ಇಲ್ಲದ ಔಷಧಿ ಯಾವ ದವಾಖಾನ್ಯಾಗ ಐತಿ?

ಹುಡುಗ: ಕಷಾಯಕ್ಕ ನಾ ಅಡ್ಡ ಬರೂದಿಲ್ಲ. ಕುಡದ ಮ್ಯಾಲ ಚೀಲದಾಗ ಎಷ್ಟು ಉಳೀತೈತಿ ಅಂತ ಯಾರಾದ್ರೂ ಅಳದಾರೇನು? ಅಳೀದ ಕುಡಿಯೂದು ಬ್ಯಾಡ ಅಂತೀನಿ, ಅಷ್ಟ. ಒಂದು ಕೆಲಸ ಮಾಡೋಣ. ಇದಕ್ಕ ಏಳು ಪ್ರಶ್ನಿ ಅದಾವ, ಜಗತ್ತಿನ ತುಂಬ ಇವನ್ನ ಕೇಳ್ತಾರ. ಒಂದೊಂದಕ್ಕ ಸೊನ್ನೆಯಿಂದ ಐದರ ತನಕ ಅಂಕಿ.

ಅವನು ಹೋಳಿಗೆ ಸುತ್ತಿ ತಂದಿದ್ದ ಕಾಗದವನ್ನೇ ಬಿಡಿಸಿ ಬರೆದುಕೊಳ್ಳತೊಡಗಿದ. ಹೋಗಿ ಬಂದ ಮೇಲೂ ಇನ್ನೂ ಉಳಿದಿದೆ ಅನಿಸುತ್ತದೆಯೇ, ಎರಡು ತಾಸಿನೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ನಡುವೆ ನಿಂತು ನಿಂತು ಬರುತ್ತದೆಯೇ, ತಡೆದುಕೊಳ್ಳಲಾಗದೆ ಓಡಬೇಕಾಗುತ್ತದೆಯೇ, ಧಾರೆ ಸಣ್ಣದಾಗಿದೆಯೇ, ಮುಕ್ಕಬೇಕಾಗುತ್ತದೆಯೇ, ರಾತ್ರಿ ಎಷ್ಟು ಸಲ ಏಳುತ್ತೀರಿ. ಮೊದಲ ಎರಡಕ್ಕೆ ಹಿರಿಯರು ಗುಡ್ಡ ನೋಡುತ್ತ ಉತ್ತರಿಸಿದರು, ಆಮೇಲೆ ನೆಲ ನೋಡುತ್ತ. ಒಟ್ಟು 19 ಬಂತು. ಏಳರ ತನಕ ಹಗುರ, ಎಂಟರಿಂದ 19 ನಡುವಿನದು, ಇಪ್ಪತ್ತರಿಂದ ಮೇಲೆ ತೀವ್ರ.

ಹುಡುಗ: ಎಂಟನೇದೊಂದು ಐತಿ, ಅದಕ್ಕ ಈ ಲೆಕ್ಕ ಇಲ್ಲ. ಇನ್ನ ಮುಂದ ಜಲ್ಮಾನಪೂರ್ತಿ ಹಿಂಗ ಇರಬೇಕು ಅಂದ್ರ ನಿಮಗ ಹೆಂಗ ಅನಸ್ತೈತಿ?

ಹಿರಿಯರು: (ತುಸು ಹೊತ್ತಿನ ಮೇಲೆ) ಎರಡು ವರ್ಷ ಆತು, ಶ್ರಾವಣದ ಪುರಾಣಕ್ಕ ನಾ ಹೋಗಿಲ್ಲ. ಮುಂದ ಕುಂದ್ರಸ್ತಾರ. ನಡುವ ಎದ್ದು ಮಂದ್ಯಾಗಿಂದ ಹಾಯ್ದು ಹೋಗೂದು ಹೆಂಗ? ಹುಬ್ಬಳ್ಳಿಗೆ ಬಸ್ಸು ಹತ್ತಬೇಕಾದ್ರ ಮುಂಜಾನಿಂದ ನೀರು ಕುಡಿಯೂದಿಲ್ಲ.

ದೊಡ್ಡವ್ವ: ನನಗ ಮೊಳಕಾಲ ನೋವು ಅಂದಿದ್ರಿ, ಪುರಾಣಕ್ಕ ಹೋಗಾಕ.

ಹಿರಿಯರು: ಏನಂತ ಹೇಳ್ಲಿ ಮತ್ತ.

ಹುಡುಗ: ಅದಕ್ಕ ನಾ ಹೇಳೂದು, ಇದೊಂದ ಕೆಲಸಾ ಮಾಡೋ ಡಾಕ್ಟರ್ ಕಡೆ ಹೋಗೋಣ. ಸ್ವಂತ ದವಾಖಾನಿ ಇಟ್ಕೊಂಡಿರೋ ಯುರಾಲಜಿಸ್ಟ್. ಹೋದಾಗೆಲ್ಲ ಅದ ಮಾರಿ ಇರ್ತೈತಿ. ಏಕಿ ಧಾರೆ ಅಳಿಯೋ ಯಂತ್ರ ಅಲ್ಲೇ, ಸ್ಕ್ಯಾನಿಂಗ್ ಅಲ್ಲೇ. ಒಮ್ಮೆ ಹೇಳಿದ್ರ ಸಾಕು, ಮುಂದಿನ ಸಲ ಮೊದಲಿನಿಂದ ಹೇಳಬೇಕಾಗಿಲ್ಲ.

ಹಿರಿಯರು: ಸ್ವಂತದ್ದು ಅಂದ್ಯಲ್ಲ, ಅಲ್ಲೇ ನನಗ ಅನುಮಾನ. ಯಂತ್ರ ಸ್ವಂತದ್ದಾದ್ರ ಕಂತೂ ಸ್ವಂತದ್ದ. ನಾ ಟ್ರ್ಯಾಕ್ಟರ್ ತಗೊಂಡಾಗ ಗೊತ್ತಾತು. ಬ್ಯಾಡಾದ ಹೊಲಾನೂ ಹೊಡದೆ. ಮಂದಿಗೆ ಇನ್ನೊಂದು ಸಲ ಹೊಡಸ್ರಿ, ಬೆಳಿ ಚಲೋ ಬರ್ತೈತಿ ಅಂದೆ. ಸುಳ್ಳು ಹೇಳಬೇಕು ಅಂತ ಹೇಳ್ಲಿಲ್ಲ. ಬ್ಯಾಂಕಿನ ತಾರೀಖು ಹತ್ರ ಬಂದಾಗ ಎಲ್ಲಾ ಹೊಲಕ್ಕೂ ಟ್ರ್ಯಾಕ್ಟರ್ ಬೇಕು ಅಂತ ನನಗ ಖರೇನ ಅನಸ್ತಿತ್ತು. ಕೊಯ್ಯೋ ಲೇಸರ್ ಇಟ್ಕೊಂಡಾವಗ ಎಲ್ಲಾ ಗಂಡಸರೂ ಲೇಸರಿಗೆ ಬಂದಂಗ ಕಾಣಸೂದಿಲ್ಲೇನು? ನಮ್ಮ ಹಿಂದಿನ ಓಣಿಯವಗ ಹೋದ ದಿನಾನ ನಾಳೆ ಆಪರೇಷನ್ ಅಂದ್ರು. ಮನಿಗೆ ಬಂದು ವಿಚಾರ ಮಾಡಾಕೂ ಬಿಡಲಿಲ್ಲ. ಕುರಿ ಮಾರಿ ಕಟ್ಟಿದ.

ಈ ಟ್ರ್ಯಾಕ್ಟರಿನ ಮಾತು ನನ್ನಲ್ಲಿ ಇನ್ನೂ ಉಳಿದಿದೆ. ವೈದ್ಯರ ಮೇಲೆ ಹೊರಿಸುವ ಅನುಮಾನವನ್ನು ಅವರು ಮೊದಲು ತಮ್ಮ ಮೇಲೆಯೇ ಹೊರಿಸಿಕೊಂಡಿದ್ದರು.

ಹುಡುಗ: ದೊಡ್ಡ ದವಾಖಾನಿಗೆ ಕಂತು ಇಲ್ಲೇನ್ರಿ? ಅಲ್ಲಿ ಕಟ್ಟಾವ ಬ್ಯಾರೆ, ಕೊಯ್ಯಾವ ಬ್ಯಾರೆ. ಒಬ್ಬನ ದವಾಖಾನ್ಯಾಗ ಕನಿಷ್ಠ ಯಾರನ್ನ ಕೇಳಬೇಕು ಅಂತ ಗೊತ್ತಿರ್ತೈತಿ. ಮತ್ತ ನಿಮ್ಮ 19ಕ್ಕ ಮೊದಲ ದಿನಾನ ಕೊಯ್ತೀನಿ ಅನ್ನೋ ಡಾಕ್ಟರ್ ಮುಂದ ನಾ ಕುಂದ್ರೂದಿಲ್ಲ, ಎದ್ದು ಬರ್ತೀನಿ. ಏಕಿ ಪೂರಾ ಕಟ್ಟಿ ಪೈಪ್ ತಗಿಯಾಕ ಆಗ್ಲಿಲ್ಲ ಅಂದ್ರ, ರಗತ ಮೇಲಿಂದ ಮೇಲೆ ಬಂದ್ರ, ಚೀಲದಾಗ ಹಳ್ಳು ಆದ್ರ, ಕಿಡ್ನಿ ಬಾತ್ರ ಆಪರೇಷನ್ ಮಾತು ಬ್ಯಾರೆ. ಇಲ್ಲಾಂದ್ರ ಮೊದಲ ಗುಳಿಗಿ.

ಹಿರಿಯರು: ಗುಳಿಗಿನ ಆದ್ರ ನಿನ್ನ ಅಂಗಡ್ಯಾಗ ಇರ್ತಾವ. ತಂದು ಕೊಡು.

ಹುಡುಗ: ಕೊಡೂದಿಲ್ಲ. ಟ್ಯಾಮ್ಸುಲೋಸಿನ್ ಅಂತ ಐತಿ, ಒತ್ತಿದ ಹಾದಿ ಸಡ್ಲ ಮಾಡ್ತೈತಿ, ವಾರದಾಗ ಗುಣ ಕಾಣ್ತೈತಿ. ಆದ್ರ ಕೆಲವರಿಗೆ ಎದ್ದ ಕೂಡ್ಲೇ ತಲಿ ತಿರಗ್ತೈತಿ. ಬಿ.ಪಿ. ಗುಳಿಗಿ ತಗೊಳ್ಳಾಕತ್ತೀರಿ, ಮೊನ್ನಿ ಬಿದ್ದೀರಿ. ಕಣ್ಣಿನ ಪೊರೆ ಆಪರೇಷನ್ನಿಗೆ ಹೆಸರು ಬರಸೀರಿ, ಇದನ್ನ ತಗೊಂಡಿದ್ರ ಕಣ್ಣಿನ ಡಾಕ್ಟರಿಗೆ ಮೊದಲ ಹೇಳಬೇಕು, ಆಪರೇಷನ್ ಹೊತ್ತಿನ್ಯಾಗ ಪಾಪೆ ಸಡ್ಲ ಬೀಳ್ತೈತಿ. ಗ್ರಂಥಿನ ಕುಗ್ಗಸೋ ಗುಳಿಗಿ ಬ್ಯಾರೆ, ಅದಕ್ಕ ಆರು ತಿಂಗಳು ಬೇಕು. ಅದು ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗೆ ರಗತದಾಗ ನೋಡೋ ಪಿ.ಎಸ್.ಎ. ಅಂಕಿನ ಅರ್ಧಕ್ಕ ಇಳಸ್ತೈತಿ, ಆ ಲೆಕ್ಕ ಗೊತ್ತಿಲ್ಲದಾವ ನೋಡಿದ್ರ ಕ್ಯಾನ್ಸರ್ ಇದ್ರೂ ಇಲ್ಲ ಅಂತಾನ. ಅಂಗಡಿ ಕಟ್ಟಿ ಮ್ಯಾಲ ಇಷ್ಟೆಲ್ಲಾ ಲೆಕ್ಕ ಆಗೂದಿಲ್ಲ ದೊಡ್ಡಪ್ಪಾ. ದಿನಾ ಎಷ್ಟು ಮಂದಿ ಬಂದು ಆ ಏಕಿ ಗುಳಿಗಿ ಕೊಡು ಅಂತಾರ. ಚೀಟಿ ತರ್ರಿ ಅಂದ್ರ ಸಿಟ್ಟು ಮಾಡ್ತಾರ.

ಹಿರಿಯರು: ಪಿ.ಎಸ್.ಎ. ನಾಕು ದಾಟಿದ್ರ ಕ್ಯಾನ್ಸರ್ ಅಂತಾರಲ್ಲ?

ಹುಡುಗ: ಅಲ್ಲ. ನಾಕು ಅನ್ನೂದು ಎಲ್ಲಾರೂ ಹಿಡದ ಗಡಿ, ಅಷ್ಟ. ಗ್ರಂಥಿ ದೊಡ್ಡದಾದ್ರ ಏರ್ತೈತಿ, ಸೋಂಕಾದ್ರ ಏರ್ತೈತಿ, ಪೈಪ್ ಹಾಕಿದ್ರೂ ಏರ್ತೈತಿ. ಉರಿ ಇದ್ದಾಗ ರಗತ ಕೊಟ್ಟು ಅಂಕಿ ನೋಡಿ ನಿದ್ದಿಗೆಟ್ಟವರನ್ನ ನೋಡೀನಿ. ಅಂಕಿ, ಬೆರಳು ಪರೀಕ್ಷೆ, ಬೇಕಾದ್ರ ಎಮ್.ಆರ್.ಐ., ಕಡೀಗೆ ಬಯಾಪ್ಸಿ. ಅದಕ್ಕ ಗೊತ್ತಿದ್ದಾವ ಬೇಕು ಅನ್ನೂದು.

ಹಿರಿಯರು: ಹಂಗಾದ್ರ ಸರ್ಕಾರಿಗೆ ನಡಿ. ಗದಗಿನಾಗ ಮಲ್ಲಸಮುದ್ರದ ಹತ್ರ ಜಿಮ್ಸ್ ಐತಿ. ಹುಬ್ಬಳ್ಳ್ಯಾಗ 1957ರಾಗ ಸುರುವಾದ ಕೆ.ಎಂ.ಸಿ. ಐತಿ, ನಮ್ಮಪ್ಪನ್ನ ಅಲ್ಲೇ ಒಯ್ದಿದ್ವಿ, ಗುಣ ಆಗಿ ಬಂದ. ಅಲ್ಲಿ ಡಾಕ್ಟರಿಗೆ ನನ್ನ ಕೊಯ್ದ್ರೂ ಅದ ಪಗಾರ, ಬಿಟ್ರೂ ಅದ ಪಗಾರ. ಕೊಯ್ಬ್ಯಾಡ ಅಂದ್ರ ನಾ ನಂಬ್ತೀನಿ, ಕೊಯ್ಬೇಕು ಅಂದ್ರೂ ನಂಬ್ತೀನಿ. ಮತ್ತ ಸರ್ಕಾರದ ಆರೋಗ್ಯ ಕಾರ್ಡು ಐತಿ. ಬಿ.ಪಿ.ಎಲ್. ಮನಿಗೆ ವರ್ಷಕ್ಕ ಐದು ಲಕ್ಷದ ತನಕ. ನಿನ್ನ ಒಬ್ಬ ಡಾಕ್ಟರ್ ಕಾರ್ಡು ತಗೋತಾನೇನು?

ಹುಡುಗ: ಯೋಜನ್ಯಾಗ ಹೆಸರು ಇದ್ರ ತಗೋತಾರ, ಸಣ್ಣ ದವಾಖಾನಿ ಭಾಳ ಇರೂದಿಲ್ಲ. ಅದಕ್ಕೂ ಸರ್ಕಾರಿ ದವಾಖಾನಿಯ ರೆಫರಲ್ ಚೀಟಿ ಬೇಕು, ಅವಸರದ ಕೇಸ್ ಬಿಟ್ರ. ರೊಕ್ಕದ ಮಾತಿನ್ಯಾಗ ನಾ ನಿಮಗ ಸೋಲ್ತೀನಿ. ಆದ್ರ ಒಂದು ಮಾತು ಕೇಳ್ರಿ. ಕಲಿಸೋ ದವಾಖಾನ್ಯಾಗ ಇವತ್ತು ಒಬ್ಬ ಹುಡುಗ ಡಾಕ್ಟರ್, ಮುಂದಿನ ತಿಂಗಳು ಮತ್ತೊಬ್ಬ. ಬೆರಳು ಪರೀಕ್ಷೆ ಅಂದ್ರ ಏನು ಗೊತ್ತೈತೇನು? ಹಿಂದಿನ ದ್ವಾರದಾಗ ಬೆರಳಿಟ್ಟು ಗ್ರಂಥಿ ಗಟ್ಟಿ ಐತ್ಯೋ ಮೆತ್ತಗೈತ್ಯೋ ನೋಡ್ತಾರ. ಅರ್ಧ ನಿಮಿಷದ ಕೆಲಸ. ಪಡದೆ ಹಿಂದ ಒಬ್ಬರ ಮುಂದ ಆದ್ರ ಒಂದು, ಕಲಿಯೋ ನಾಲ್ಕು ಹುಡುಗ್ರು ನಿಂತಾಗ ಆದ್ರ ಒಂದು. ನೀವು ಒಮ್ಮೆ ಹೋಗ್ತೀರಿ. ಎರಡನೇ ಸಲ ಮೊಳಕಾಲ ನೋವು ಅಂತೀರಿ.

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ದೊಡ್ಡವ್ವ ಮಜ್ಜಿಗೆ ಬಗ್ಗಿಸಿಕೊಟ್ಟಳು. ಅವರು ಅದನ್ನು ಪೂರ್ತಿ ಕುಡಿಯಲಿಲ್ಲ, ಯಾಕೆಂದು ಈಗ ಎಲ್ಲರಿಗೂ ಗೊತ್ತಿತ್ತು.

ಹಿರಿಯರು: ಆ ಹುಡುಗ್ರೂ ನೂರು ಮಂದೀನ ನೋಡ್ದಾಗ ಕಲೀಬೇಕಲ್ಲ. ಮುಂದ ನಿನ್ನ ಸ್ವಂತ ದವಾಖಾನಿ ಡಾಕ್ಟರ್ ಆಗೂದೂ ಅವರಾಗ ಒಬ್ಬ. ಎಲ್ಲೋ ಒಂದು ಕಡೆ ಯಾರೋ ಒಬ್ಬ ಮುದುಕ ನಾಚಿಕಿ ಬಿಟ್ಟಿದ್ದಕ್ಕ ಅವ ಕಲಿತ. ಪಡದೆ ಹಾಕ್ರಿ, ಇಬ್ಬರ ಸಾಕು ಅಂತ ನಾ ಕೇಳಬಹುದಲ್ಲ?

ಹುಡುಗ: ಕೇಳಬಹುದು. ಕೇಳೂದು ನಿಮ್ಮ ಹಕ್ಕು.

ಹಿರಿಯರು: ಕೇಳ್ತೀನೋ ಇಲ್ಲೋ ಗೊತ್ತಿಲ್ಲ. ಆತು, ನಿನ್ನ ಮಾತಿಗೆ ಬರೋಣ. ಗದಗ, ಹುಬ್ಬಳ್ಳ್ಯಾಗ ಬೋರ್ಡು ಹಂತೇಲಿ ಹಂತೇಲಿ ಅದಾವ. ಯಾವ ಬೋರ್ಡು ಖರೆ ಅಂತ ಹೆಂಗ ತಿಳಕೊಳ್ಳೂದು?

ಹುಡುಗ: ಮೊದಲ ಡಿಗ್ರಿ. ಎಂ.ಬಿ.ಬಿ.ಎಸ್. ಆಗಿ, ಮೂರು ವರ್ಷ ಎಂ.ಎಸ್. ಸರ್ಜರಿ ಆಗಿ, ಆಮೇಲೆ ಮತ್ತ ಮೂರು ವರ್ಷ ಎಂ.ಸಿಎಚ್. ಯುರಾಲಜಿ, ಇಲ್ಲಾ ಅದಕ್ಕ ಸರಿಸಮ ಡಿ.ಎನ್.ಬಿ. ಬೋರ್ಡಿನ ಮ್ಯಾಲ ಕಿಡ್ನಿ ಸ್ಪೆಷಲಿಸ್ಟ್ ಅಂತ ಇದ್ರ ನಿಂತು ಓದ್ರಿ. ನೆಫ್ರಾಲಜಿಸ್ಟ್ ಕಿಡ್ನಿಗೆ ಔಷಧ ಕೊಡಾವ್ರು, ಡಯಾಲಿಸಿಸ್ ನೋಡಾವ್ರು. ಯುರಾಲಜಿಸ್ಟ್ ಏಕಿ ಹಾದಿಯ ಸರ್ಜನ್. ಎರಡೂ ಬ್ಯಾರೆ. ಆಮ್ಯಾಲ ಕೆ.ಪಿ.ಎಂ.ಇ. ನೋಂದಣಿ. 2007ರ ಕಾಯ್ದೆ ಅದು, ಖಾಸಗಿ ದವಾಖಾನಿ ಎಲ್ಲಾ ನೋಂದಣಿ ಮಾಡಿಸಿ, ಪತ್ರಾನ ಕಾಣೋ ಜಾಗದಾಗ ಹಚ್ಚಬೇಕು, ದರಪಟ್ಟೀನೂ ಹಚ್ಚಬೇಕು.

ಹಿರಿಯರು: ಪತ್ರ ಗ್ವಾಡಿಗೆ ಇದ್ರ ಡಾಕ್ಟರ್ ರಾತ್ರಿ ಇರ್ತಾನ ಅಂತೇನಿಲ್ಲ. ಎಷ್ಟೋ ಮಂದಿ ವಾರಕ್ಕ ಎರಡು ದಿನ ಹುಬ್ಬಳ್ಳಿಂದ ಬರಾವ್ರು. ಮಂಗಳವಾರ ಕೊಯ್ದು ಸಂಜಿ ಬಸ್ಸಿಗೆ ಹೋದ್ರ, ರಾತ್ರಿ ನನಗ ರಗತದ ಗಟ್ಟಿ ಕಟ್ಟಿ ಪೈಪ್ ಮುಚ್ಚಿದ್ರ ಯಾರನ್ನ ಎಬ್ಬಸೂದು? ನರ್ಸ್ ಹುಡುಗೀನ?

ಹುಡುಗ: (ನಿಧಾನವಾಗಿ) ಇದಕ್ಕ ನನ್ನ ಕಡೆ ಉತ್ತರ ಇಲ್ಲ. ಇದನ್ನ ಡಾಕ್ಟರನ್ನ ಕೇಳಬೇಕು. ಆಪರೇಷನ್ ರಾತ್ರಿ ನೀವ ಇರ್ತೀರೋ, ನಿಮ್ಮ ಬದಲಿಗೆ ಯಾರು, ರಗತ ಬೇಕಾದ್ರ ಎಲ್ಲಿಂದ, ಭೂಲ್ ಕೊಡಾವ್ರು ಯಾರು ಅಂತ. ಕೇಳಿದ್ದಕ್ಕ ಸಿಟ್ಟಿಗೇಳಾವ್ರು ಇದ್ರ ಅದ ಉತ್ತರ.

ಹಿರಿಯರು: ಮತ್ತ ನನ್ನ ಎದಿ. ಮೂರು ವರ್ಷದ ಹಿಂದ ಸ್ಟೆಂಟ್ ಹಾಕ್ಯಾರ. ರಗತ ತೆಳು ಮಾಡೋ ಗುಳಿಗಿ ದಿನಾ ನುಂಗ್ತೀನಿ.

ಹುಡುಗ: ಅದು ನೆನಪೈತಿ. ಅದನ್ನ ನೀವಾಗೇ ಬಿಡಬಾರದು, ಹೃದಯದ ಡಾಕ್ಟರ್ ಹೇಳೋ ತನಕ. ಆಪರೇಷನ್ ಅನ್ನೂದ ಬಂದ್ರ ಐ.ಸಿ.ಯು. ಇದ್ದಲ್ಲಿ, ಎದಿ ನೋಡಾವ್ರು ಅದ ಕಟ್ಟಡದಾಗ ಇದ್ದಲ್ಲಿ ಆಗಬೇಕು. ಒಬ್ಬರ ದವಾಖಾನ್ಯಾಗ ನಿಮಗ ಆಪರೇಷನ್ ಮಾಡಸು ಅಂತ ನಾ ಹೇಳೂದಿಲ್ಲ.

ಹಿರಿಯರು: ಹಂಗಾದ್ರ ನೀ ಸೋತೆ.

ಹುಡುಗ: ಅರ್ಧ. ಕೊಯ್ಯೂದು ಅಲ್ಲಿ ಬ್ಯಾಡ ಅಂದೆ, ಅಳಿಯೂದು ಬ್ಯಾಡ ಅಂದಿಲ್ಲ. ನಿಮ್ಮಂಥ ಎದಿಯವರಿಗೆ ಲೇಸರ್ ಆಗಬಹುದು, ರಗತ ಕಡಿಮಿ ಹೋಗ್ತೈತಿ ಅಂತಾರ. ನೋಡ್ರಿ, ನಿಮ್ಮ ಅನುಮಾನದ ಯಂತ್ರಾನ ನಿಮಗ ಬೇಕಾಗಬಹುದು. ಯಾವ ಡಾಕ್ಟರ್ ನಿಮ್ಮ ಎದಿ ಕಾಗದಾ ನೋಡಿ ಇದು ನನ್ನಲ್ಲಿ ಬ್ಯಾಡ, ಧಾರವಾಡಕ್ಕ ಹೋಗ್ರಿ, ಬೆಳಗಾವಿಗೆ ಹೋಗ್ರಿ, ಬೆಂಗಳೂರಿನ ನೆಫ್ರೋ ಯುರಾಲಜಿ ಸಂಸ್ಥೆಗೆ ಹೋಗ್ರಿ ಅಂತ ಚೀಟಿ ಬರಕೊಡ್ತಾನ, ಅವನ್ನ ನಾ ಹುಡುಕೂದು. ಏಕಿ ಹಾದಿಯಿಂದ ಹೋಗಿ ಗ್ರಂಥಿ ಕೆರಿಯೋ ಟಿ.ಯು.ಆರ್.ಪಿ. ಮಾಡ್ತಾನೋ ಲೇಸರ್ ಮಾಡ್ತಾನೋ ಆಮ್ಯಾಲಿನ ಮಾತು. ತಗದ ಗಂಟಿನ ಚೂರು ಲ್ಯಾಬಿಗೆ ಕಳಸ್ತಾನೋ ಇಲ್ಲೋ ಅದನ್ನೂ ಕೇಳಬೇಕು.

ಹಿರಿಯರು: ಮೊದಲ ದಿನ ಏನೇನು ಮಾಡ್ತಾರ?

ಹುಡುಗ: ಏಕಿ ಪರೀಕ್ಷೆ, ಸಕ್ಕರಿ, ಕಿಡ್ನಿ ಹೆಂಗೈತಿ ಅಂತ ತೋರಸೋ ಕ್ರಿಯಾಟಿನಿನ್. ಸಕ್ಕರಿ ಇದ್ರೂ ರಾತ್ರಿ ಏಳ್ತಾರಲ್ಲ. ಆಮ್ಯಾಲ ಹೊಟ್ಟಿ ತುಂಬ ನೀರು ಕುಡಿಸಿ, ಲಾಳಿಕೆಯಂಥ ಯಂತ್ರದಾಗ ಏಕಿ ಮಾಡಸ್ತಾರ. ಯಾರೂ ಮುಂದ ನಿಂದ್ರೂದಿಲ್ಲ. ಸೆಕೆಂಡಿಗೆ 15 ಎಂ.ಎಲ್. ದಾಟಿದ್ರ ಧಾರೆ ಚಲೋ, ಹತ್ತಕ್ಕಿಂತ ಕಡಿಮಿ ಆದ್ರ ಹಾದಿ ಕಟ್ಟೈತಿ ಅಂತ ಅನುಮಾನ. ಮುಗದ ಮ್ಯಾಲ ಸ್ಕ್ಯಾನ್ ಇಟ್ಟು ಎಷ್ಟು ಉಳೀತು ನೋಡ್ತಾರ. ಅಷ್ಟ.

ಹಿರಿಯರು: ಸ್ಕ್ಯಾನು, ರಗತ ಸರ್ಕಾರ್ಯಾಗೂ ಆಗ್ತಾವ. ಮೊದಲ ಅಲ್ಲಿ ಮಾಡಸೋಣ. ಕಾಗದಾ ಕೈಯಾಗ ಇದ್ರ ನಿನ್ನ ಡಾಕ್ಟರಿಗೆ ತೋರಸೋಣ. ಇಬ್ಬರೂ ಒಂದ ಮಾತು ಹೇಳಿದ್ರ ನಂಬ್ತೀನಿ.

ಹುಡುಗ: ಬ್ಯಾರೆ ಬ್ಯಾರೆ ಹೇಳಿದ್ರ?

ಹಿರಿಯರು: ಆಗ ಮತ್ತ ಇಲ್ಲೇ ಬಂದು ಕುಂದ್ರೋಣ.

ಹುಡುಗ: ಅದರಾಗ ಎರಡು ತಿಂಗಳು ಹೋಗ್ತಾವ. ನೆಗಡಿ ಅಂತ ಯಾವುದರ ಗುಳಿಗಿ ನುಂಗಿ ಒಂದು ರಾತ್ರಿ ಪೂರಾ ಕಟ್ಟಿದ್ರ? ನೆಗಡಿ ಗುಳಿಗಿ ಹಂಗ ಮಾಡ್ತಾವ, ನೋಡೀನಿ. ಆಗ ಯಾವ ಡಾಕ್ಟರ್, ಎಂಥ ಡಾಕ್ಟರ್ ಅಂತ ಹುಡಕಾಕ ಹೋಗಬ್ಯಾಡ್ರಿ. ಮುಂಡರಗಿ ಆಗ್ಲಿ ಗದಗ ಆಗ್ಲಿ, ಹತ್ರ ಇದ್ದ ದವಾಖಾನಿಗೆ ಹೋಗಿ ಪೈಪ್ ಹಾಕಿಸ್ಕೊಳ್ರಿ. ಮತ್ತ ಏಕಿ ಕೆಂಪಗೆ ಬಂದ್ರ, ನೋವಿಲ್ಲದ ಒಮ್ಮೆ ಬಂದು ನಿಂತ್ರೂ, ಸುಮ್ಮ ಇರಬ್ಯಾಡ್ರಿ. ಮೂವತ್ತು ವರ್ಷ ಬೀಡಿ ಸೇದೀರಿ. ಆ ಹೊಗಿ ಮೂತ್ರಚೀಲದ ಕ್ಯಾನ್ಸರಿಗೂ ಕಾರಣ.

ದೊಡ್ಡವ್ವ ಅಲ್ಲಿಯ ತನಕ ಗಂಗಾಳಗಳನ್ನು ಒಂದರೊಳಗೊಂದು ಇಡುತ್ತಿದ್ದವಳು ಕೈ ನಿಲ್ಲಿಸಿದಳು.

ದೊಡ್ಡವ್ವ: ಆ ದವಾಖಾನ್ಯಾಗ ಕುಂದ್ರೋ ಜಾಗದಾಗ ಎಲ್ಲಾ ಗಂಡಸರ ಇರ್ತಾರೇನು?

ಹುಡುಗ: ಹೆಚ್ಚಿಗಿ ಗಂಡಸರ. ಯಾಕ ದೊಡ್ಡವ್ವಾ?

ದೊಡ್ಡವ್ವ: ಸುಮ್ಮ ಕೇಳಿದೆ.

ಹಿರಿಯರು: ನೀ ಯಾಕ ಬರ್ತಿ, ಹುಡುಗ ಐತಲ್ಲ ಕರಕೊಂಡು ಹೋಗಾಕ.

ದೊಡ್ಡವ್ವ: ನಾಕು ಹಡದೀನಿ. ಕಡೀ ಹುಡುಗಿ ಹುಟ್ಟಿದಾಗಿಂದ ಕೆಮ್ಮಿದ್ರ ಸೀರಿ ಹಸಿ ಆಗ್ತೈತಿ. ಹುಲ್ಲಿನ ಹೊರಿ ಎತ್ತಿದ್ರ ಆಗ್ತೈತಿ. ಇವತ್ತೂ ಬುತ್ತಿ ಹೊತ್ತು ಬರೂವಾಗ ಆತು. ನೀವು ಪುರಾಣಕ್ಕ ಎರಡು ವರ್ಷ ಬಿಟ್ರಿ. ನಾ ಅಗಸೀ ದಾಟಿ ಲಗ್ನಕ್ಕ ಹೋಗೂದ ಬಿಟ್ಟು ಎಷ್ಟು ವರ್ಷ ಆತು, ಎಣಸೀರೇನು?

ಹಿರಿಯರು ಹೆಂಡತಿಯ ಮುಖ ನೋಡಿದರು. ಅವರ ಮುಖದಲ್ಲಿ ಕಂಡದ್ದು ನಾಚಿಕೆಯಲ್ಲ. ಪ್ರತಿ ರಾತ್ರಿ ತಾವು ಎಷ್ಟು ಸಲ ಎದ್ದೆವೆಂದು ಎಣಿಸಿದವಳ ಒಂದು ದಿನವನ್ನೂ ತಾವು ಎಣಿಸಿರಲಿಲ್ಲ ಎಂಬುದು ಅಲ್ಲಿತ್ತು.

ಹುಡುಗ: ದೊಡ್ಡವ್ವಾ, ಅದಕ್ಕೂ ಇದ ಡಾಕ್ಟರ್. ಯುರಾಲಜಿ ಅಂದ್ರ ಬರೇ ಗಂಡಸರದ್ದಲ್ಲ. ಭಾಳ ಮಂದಿಗೆ ಕೊಯ್ಯೂದ ಬ್ಯಾಡ, ಕೆಳಗಿನ ಸ್ನಾಯು ಬಿಗಿ ಹಿಡದು ಬಿಡೋ ವ್ಯಾಯಾಮ ಐತಿ, ದಿನಾ ಮೂರು ಸಲ, ಮೂರು ತಿಂಗಳು ಬಿಡದ ಮಾಡಿದ್ರ ಗುಣ ಕಾಣ್ತೈತಿ. ಉರಿ, ಸೋಂಕು, ಗರ್ಭಕೋಶ ಜಾರಿದ್ದು ಏನೂ ಇಲ್ಲ ಅಂತ ಮೊದಲ ನೋಡಬೇಕು.

ದೊಡ್ಡವ್ವ: ನೋಡಾವ್ರು ಯಾರು? ಗಂಡಸ ಡಾಕ್ಟರಾ? ನಾ ಒಲ್ಲೆ. ನಿನ್ನ ಅದ ಮಾರಿ, ಅದ ಡಾಕ್ಟರ್ ಅನ್ನೂದು ನಿಮ್ಮ ದೊಡ್ಡಪ್ಪಗ ಚಲೋ. ನನಗ ಸರ್ಕಾರಿ ದವಾಖಾನ್ಯಾಗ ಹೆರಿಗಿ ವಾರ್ಡಿನ ಹೆಣ್ಣ ಡಾಕ್ಟರ್ ಚಲೋ. ಅಲ್ಲಿ ಸಾಲಿನ್ಯಾಗ ನಿಂತವರೆಲ್ಲಾ ನನ್ನಂಥವ್ರ.

ಹುಡುಗ: ಹೆಣ್ಣಮಕ್ಕಳ ಡಾಕ್ಟರ್ ಮೊದಲ ನೋಡಬಹುದು, ತಪ್ಪಿಲ್ಲ. ಯುರಾಲಜಿಸ್ಟ್ ಕಡೆ ಹೋದ್ರೂ ಜೊತೀಗೆ ನರ್ಸ್ ಇರಬೇಕು ಅಂತ ಕೇಳಬಹುದು.

ದೊಡ್ಡವ್ವ: ಕೇಳಬಹುದು, ಕೇಳಬಹುದು. ಮುಂಜಾನಿಂದ ಇದ ಮಾತು ಹೇಳಾಕತ್ತಿ. ಕೇಳಾಕ ಬಾಯಿ ಇದ್ದಿದ್ರ ಇಪ್ಪತ್ತು ವರ್ಷ ಯಾಕ ಸುಮ್ಮ ಇರ್ತಿದ್ದೆ?

ಹುಡುಗನ ಬಳಿ ಮಾತಿರಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಬೀಸಿ ಹೋಳಿಗೆಯ ಕಾಗದ ಹಾರಿತು. ಹಿರಿಯರು ಅದನ್ನು ಕಾಲಿಂದ ಒತ್ತಿ ಹಿಡಿದು, ಬಗ್ಗಿ ಎತ್ತಿ, ಮಣ್ಣು ಕೊಡವಿದರು. ಒಂದು ಬದಿಯಲ್ಲಿ ಅವರ 19 ಇತ್ತು.

ಹಿರಿಯರು: ಆ ಏಳು ಪ್ರಶ್ನಿ ಹೆಂಗಸರಿಗೂ ಅದಾವೇನು?

ಹುಡುಗ: ಅವರಿಗೆ ಬ್ಯಾರೆ ಅದಾವ.

ಹಿರಿಯರು: ಹಿಂದಿನ ಬದಿ ಖಾಲಿ ಐತಿ. ಬರಿ.

ಅವರು ಎದ್ದು, ಈ ಸಲ ಬನ್ನಿಗಿಡದ ಕಡೆಗಲ್ಲ, ಎತ್ತುಗಳನ್ನು ಕಟ್ಟಿದ್ದ ಬದುವಿನ ಕಡೆಗೆ ನಡೆದರು. ನಾನೂ ಅವರ ಹಿಂದೆ ಹೋದೆ. ಗಂಗಾಳಗಳನ್ನು ಬದಿಗಿಟ್ಟು ದೊಡ್ಡವ್ವ ಹುಡುಗನ ಎದುರು ಕೂತದ್ದು ಜೋಳದ ಸಂದಿಯಿಂದ ಕಾಣುತ್ತಿತ್ತು.